ಗಣಕಯಂತ್ರದ ಅಕ್ಷರಗಳು ಮತ್ತು ಗಿರಾಕಿಯ ಬೇಡಿಕೆ

(ಉಗರಗೋಳದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆ ಬಿಟ್ಟ ಮೇಲೆ ನಮ್ಮ ಹುಡುಗರಲ್ಲಿ ಕೆಲವರು ಸವದತ್ತಿ, ಬೈಲಹೊಂಗಲ, ಧಾರವಾಡದ ಡಿಟಿಪಿ ಅಂಗಡಿಗಳಲ್ಲಿ ಕುಳಿತು ಲಗ್ನಪತ್ರಿಕೆ, ಬ್ಯಾನರ್, ಹುಟ್ಟುಹಬ್ಬದ ಶುಭಾಶಯ ತಯಾರಿಸುತ್ತಾರೆ. ಅವರು ಬಳಸುವ ಅಕ್ಷರ, ಅಂಚು, ಹೂಬಳ್ಳಿ, ಚಿತ್ರ, ಸಿದ್ಧ ವಿನ್ಯಾಸ ಎಲ್ಲವೂ ಯಾರೋ ಎಲ್ಲೋ ಕುಳಿತು ಮಾಡಿ ಮಾರಿದ ಅಥವಾ ಉಚಿತವಾಗಿ ಕೊಟ್ಟ ಸಾಮಾನು. ಇವನ್ನು ಗಣಕಯಂತ್ರದ ಕಲಾ ಸಾಮಗ್ರಿ ಎಂದು ಕರೆಯೋಣ. ಇವನ್ನು ಮಾರುವವರು ಗಿರಾಕಿಯ ಬೇಡಿಕೆಗೆ ತಕ್ಕಂತೆ ಹೇಗೆ ಬದಲಾಗುತ್ತ ಬಂದರು, ಅದರಿಂದ ನಾವು ಕಲಿಯಬೇಕಾದದ್ದೇನು ಎಂಬುದೇ ನನ್ನ ಇಂದಿನ ವಿಷಯ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾದ ಕಾರಣ ಹೆಚ್ಚಾಗಿ ಅಕ್ಷರಗಳ ಕುರಿತೇ ಮಾತನಾಡುತ್ತೇನೆ.

ವ್ಯಾಪಾರವೆಂದರೆ ಏನೆಂದು ಉಗರಗೋಳದವರಿಗೆ ಹೇಳಿಕೊಡಬೇಕಾಗಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಜನಸಾಗರವನ್ನು ನಾವು ವರ್ಷವರ್ಷವೂ ನೋಡುತ್ತೇವೆ. ಭಂಡಾರ, ಕುಂಕುಮ, ಬಳೆ, ಖಣ ಮಾರುವವರು ಹುಣ್ಣಿಮೆಯ ದಿನ ಬೆಳಗ್ಗೆ ಎದ್ದು ಸರಕು ಹುಡುಕುವುದಿಲ್ಲ. ತಿಂಗಳು ಮೊದಲೇ ತಂದಿಟ್ಟಿರುತ್ತಾರೆ. ಬಳೆಗಾರನು ಕೈ ನೋಡಿಯೇ ಅಳತೆ ಹೇಳುತ್ತಾನೆ. ಆದರೆ ಕಲಾ ಸಾಮಗ್ರಿ ಮಾರುವವನಿಗೆ ಒಂದು ಕಷ್ಟವಿದೆ. ಅವನಿಗೆ ಗಿರಾಕಿಯ ಮುಖ ಕಾಣುವುದಿಲ್ಲ, ಕೈಯೂ ಕಾಣುವುದಿಲ್ಲ. ಒಂದು ಅನುಕೂಲವೂ ಇದೆ. ಒಮ್ಮೆ ಮಾಡಿದ ವಸ್ತುವನ್ನು ಸಾವಿರ ಸಲ ಮಾರಿದರೂ ಅದು ಮುಗಿಯುವುದಿಲ್ಲ. ಆದ್ದರಿಂದ ಒಬ್ಬನಿಗೆ ಬೇಕಾದದ್ದನ್ನು ಮಾಡಿದರೆ ಸಾಲದು, ಅನೇಕರಿಗೆ ಬೇಕಾಗುವುದು ಯಾವುದು ಎಂಬುದನ್ನು ಅವನು ಹೇಗಾದರೂ ತಿಳಿಯಲೇಬೇಕು.

ಹೊರದೇಶದ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದ ಜಾನ್ ಒರಿಂಜರ್ ಎಂಬವರು 2003ರಲ್ಲಿ ಶಟರ್‌ಸ್ಟಾಕ್ ಎಂಬ ಚಿತ್ರಭಂಡಾರವನ್ನು ಆರಂಭಿಸಿದಾಗ ಅದರಲ್ಲಿದ್ದುದು ಅವರೇ ತೆಗೆದ ಸುಮಾರು 30,000 ಛಾಯಾಚಿತ್ರಗಳು. ಕೇಳುವವರು ಹೆಚ್ಚಾದರು, ಒಬ್ಬನ ಕ್ಯಾಮೆರಾ ಸಾಲದಾಯಿತು. ಆಗ ಅವರು ಬೇರೆ ಛಾಯಾಗ್ರಾಹಕರಿಗೂ ಬಾಗಿಲು ತೆರೆದರು. ಅಲ್ಲಿ ಗಿರಾಕಿ ಹುಡುಕುವಾಗ ಬರೆಯುವ ಪದವೇ ಅವನ ಬೇಡಿಕೆ. ಮಾರುವವರು ಆ ಪದಗಳನ್ನು ನೋಡಿ ಚಿತ್ರ ಮಾಡುತ್ತಾರೆ. ಹಬ್ಬದ ಚಿತ್ರಗಳನ್ನು ಹಬ್ಬಕ್ಕೆ ಬಹಳ ಮುಂಚೆಯೇ ಸೇರಿಸುತ್ತಾರೆ. ನಮ್ಮ ಭಂಡಾರದ ಅಂಗಡಿಯವರ ಲೆಕ್ಕವೇ ಅಲ್ಲಿಯೂ ನಡೆಯುತ್ತದೆ.

ಎರಡನೆಯದು ಆಸ್ಟ್ರೇಲಿಯದ ಎನ್ವಾಟೊ. ಅದು 2006ರಲ್ಲಿ ಫ್ಲ್ಯಾಶ್‌ಡೆನ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿದ ಚಲಿಸುವ ಚಿತ್ರ, ಗುಂಡಿ, ಮುಖಪುಟಗಳನ್ನು ಅದು ಮಾರುತ್ತಿತ್ತು. ಆಗ ಅವುಗಳಿಗೆ ಬಲು ಬೇಡಿಕೆ. ಮುಂದೆ ಮೊಬೈಲ್ ಬಂದಿತು, ಫ್ಲ್ಯಾಶ್ ಹಿಂದೆ ಬಿದ್ದಿತು, 2020ರ ಡಿಸೆಂಬರ್ ಕೊನೆಗೆ ಅಡೋಬಿ ಸಂಸ್ಥೆಯೇ ಅದನ್ನು ನಿಲ್ಲಿಸಿತು. ಎನ್ವಾಟೊ ಅಷ್ಟರೊಳಗೆ ಜಾಲತಾಣದ ವಿನ್ಯಾಸ, ಸಂಗೀತ, ವಿಡಿಯೋ ಮುಂತಾದವುಗಳ ಮಾರಾಟಕ್ಕೆ ಹೊರಳಿಕೊಂಡಿದ್ದರಿಂದ ಉಳಿಯಿತು. ಫ್ಲ್ಯಾಶ್ ಒಂದನ್ನೇ ನಂಬಿ ಕುಳಿತವರ ಸರಕನ್ನು ಕೇಳುವವರಿಲ್ಲವಾದರು.

ಇನ್ನು ನಮ್ಮ ಅಕ್ಷರಗಳಿಗೆ ಬರೋಣ. ಗಿರಾಕಿಯ ಕಣ್ಣಿಗೆ ಎಷ್ಟು ಬಲವಿದೆ ಎಂಬುದಕ್ಕೆ ಉರ್ದು ಮುದ್ರಣದ ಇತಿಹಾಸಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನವರು ಉರ್ದು ಪುಸ್ತಕಗಳನ್ನು ಅಚ್ಚುಮೊಳೆಗಳಿಂದ ಮುದ್ರಿಸಿದರು. ಆದರೆ ಉರ್ದು ಓದುಗರ ಕಣ್ಣಿಗೆ ಒಗ್ಗಿದ್ದು ನಸ್ತಾಲೀಖ್ ಶೈಲಿ. ಅದರಲ್ಲಿ ಪದವು ಬಲಮೇಲಿನಿಂದ ಎಡಕೆಳಕ್ಕೆ ಜಾರುತ್ತ ಇಳಿಯುತ್ತದೆ. ಒಂದೇ ಅಕ್ಷರವು ಪಕ್ಕದ ಅಕ್ಷರವನ್ನು ನೋಡಿ ಆಕಾರ ಬದಲಿಸುತ್ತದೆ. ಸೀಸದ ಮೊಳೆಗೆ ಈ ಬಳುಕು ಬಾರದು. ಓದುಗರು ಮೊಳೆಯ ಅಕ್ಷರವನ್ನು ಒಪ್ಪಲಿಲ್ಲ. ಆದ್ದರಿಂದ ಕಾತಿಬರು ಕೈಯಿಂದ ಬರೆದದ್ದನ್ನು ಕಲ್ಲಿನ ಮೇಲೆ ಇಳಿಸಿ ಮುದ್ರಿಸುವ ಕಲ್ಲಚ್ಚು ಉರ್ದುವಿನಲ್ಲಿ ಬಹುಕಾಲ ಬಾಳಿತು. 1927ರಲ್ಲಿ ಸ್ಥಾಪನೆಯಾದ ಚೆನ್ನೈಯ ದಿ ಮುಸಲ್ಮಾನ್ ಪತ್ರಿಕೆ ಈ ಶತಮಾನದಲ್ಲಿಯೂ ಕಾತಿಬರ ಕೈಬರಹದಲ್ಲೇ ಹೊರಬರುತ್ತಿದ್ದುದು ಜಗತ್ತಿಗೇ ಸುದ್ದಿಯಾಗಿತ್ತು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಯಂತ್ರ ಮಾರುವವರು ಓದುಗನ ಕಣ್ಣಿಗೆ ಸೋತರು.

ಕೊನೆಗೆ ಯಂತ್ರವೇ ಬಾಗಿತು. ದೆಹಲಿಯಲ್ಲಿ ಹುಟ್ಟಿ ಕರಾಚಿಯಲ್ಲಿ ನೆಲೆಸಿದ ಮಿರ್ಜಾ ಅಹಮದ್ ಜಮೀಲ್ ಎಂಬ ಕಲಾವಿದರು ಒಂದೊಂದು ಅಕ್ಷರದ ಬದಲು ಅಕ್ಷರಗಳ ಜೋಡಣೆಗಳನ್ನೇ ಬರೆದುಕೊಡಲು ನಿಶ್ಚಯಿಸಿದರು. ಅವರು ಕೈಯಿಂದ ಬರೆದ ಸುಮಾರು 20,000 ಜೋಡಣೆಗಳನ್ನು ಇಂಗ್ಲೆಂಡಿನ ಮೊನೊಟೈಪ್ ಕಂಪನಿ ಗಣಕಯಂತ್ರಕ್ಕೆ ಅಳವಡಿಸಿತು. ತಂದೆ ನೂರ್ ಅಹಮದರ ನೆನಪಿಗೆ ಅದಕ್ಕೆ ನೂರಿ ನಸ್ತಾಲೀಖ್ ಎಂದು ಹೆಸರಿಟ್ಟರು. 1981ರಲ್ಲಿ ಜಂಗ್ ಪತ್ರಿಕೆ ಅದನ್ನು ಬಳಸಿತು. 1994ರಲ್ಲಿ ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಕಂಪನಿಯು ಅದೇ ಅಕ್ಷರವನ್ನು ಒಳಗೊಂಡ ಇನ್‌ಪೇಜ್ ತಂತ್ರಾಂಶವನ್ನು ಹೊರತಂದಿತು. ದೊಡ್ಡ ಪತ್ರಿಕೆಯ ಯಂತ್ರದಲ್ಲಿ ಮಾತ್ರ ಇದ್ದ ಅಕ್ಷರ ಗಲ್ಲಿಯ ಅಂಗಡಿಯ ಮೇಜಿಗೆ ಬಂದಿತು.

ಬೇಡಿಕೆ ಅಲ್ಲಿಗೂ ನಿಲ್ಲಲಿಲ್ಲ. ಹಳೆಯ ಇನ್‌ಪೇಜ್‌ನಲ್ಲಿ ಮಾಡಿದ ಬರಹ ಕಾಗದದ ಮೇಲೆ ಚೆಂದ, ಆದರೆ ಅಂತರ್ಜಾಲದಲ್ಲಿ ಹುಡುಕಲು ಬಾರದು, ಮೊಬೈಲಿನಲ್ಲಿ ಕಳುಹಿಸಲು ಬಾರದು. ಓದುಗರು ಯೂನಿಕೋಡ್ ಕೇಳಿದರು, ಮುಂದಿನ ಆವೃತ್ತಿಗಳಲ್ಲಿ ಅದೂ ಸೇರಿತು. ಮೊಬೈಲಿನಲ್ಲಿ ಉರ್ದುವನ್ನು ಅರಬ್ಬೀ ನಸ್ಖ್ ಶೈಲಿಯಲ್ಲಿ ಓದಬೇಕಾಗಿ ಬಂದಾಗ ಲೋಕದ ನಾನಾ ಕಡೆಯ ಉರ್ದು ಓದುಗರು ದೊಡ್ಡ ಕಂಪನಿಗಳಿಗೆ ಬರೆದು ಒತ್ತಾಯಿಸಿದರು. ಗೂಗಲ್ 2014ರಲ್ಲಿ ನೋಟೋ ನಸ್ತಾಲೀಖ್ ಅಕ್ಷರವನ್ನು ಉಚಿತವಾಗಿ ಕೊಟ್ಟಿತು. ಆಪಲ್ 2017ರಲ್ಲಿ ತನ್ನ ಫೋನಿಗೆ ನಸ್ತಾಲೀಖ್ ಸೇರಿಸಿತು. ವಿದ್ಯಾರ್ಥಿಗಳೇ, ಕೇಳುವವರು ಇದ್ದುದರಿಂದ ಕೊಡುವವರು ಬಂದರು. ನಮ್ಮ ಭಾಷೆಯಲ್ಲಿ ನಾವೇ ಕೇಳದಿದ್ದರೆ ಯಾವ ಕಂಪನಿಯೂ ತಾನಾಗಿ ತಂದುಕೊಡುವುದಿಲ್ಲ.

ಕನ್ನಡದ ಕಥೆಯೂ ಇದಕ್ಕೆ ಹತ್ತಿರದ್ದೇ. ಕನ್ನಡ ಅಕ್ಷರಕ್ಕೆ ಕಾಗುಣಿತ ಇದೆ, ಒತ್ತಕ್ಷರ ಇದೆ. ಒಂದು ಪೂರ್ಣ ಅಕ್ಷರಗುಚ್ಛಕ್ಕೆ ನೂರಾರು ಆಕಾರ ಬರೆಯಬೇಕು. ಮೊದಲ ಗಿರಾಕಿಗಳು ಮುದ್ರಣಾಲಯಗಳು ಮತ್ತು ಪತ್ರಿಕೆಗಳು. ಬೆಂಗಳೂರಿನ ಆಕೃತಿ, ಪ್ರಕಾಶಕ್, ಪುಣೆಯ ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಅವರಿಗಾಗಿ ಬಂದವು. ಲಗ್ನಪತ್ರಿಕೆ ಅಚ್ಚು ಹಾಕುವವನಿಗೆ ಅಕ್ಷರ ಒಂದೇ ಸಾಲದು. ಅಂಚು ಬೇಕು, ಕಲಶ ಬೇಕು, ಹೂವು ಬೇಕು. ಶ್ರೀಲಿಪಿಯಂತಹ ತಂತ್ರಾಂಶಗಳು ಅಕ್ಷರಗಳ ಜೊತೆಗೆ ಅಂಚು ಮತ್ತು ಚಿತ್ರಗಳ ಗಂಟನ್ನೂ ಕಟ್ಟಿ ಕೊಟ್ಟವು. ಆದರೆ ಬೆಲೆ ಸಾಮಾನ್ಯ ಬಳಕೆದಾರನ ಕೈಗೆ ಎಟುಕುವಂತಿರಲಿಲ್ಲ.

ಆ ಕೊರತೆಯನ್ನು ಕಂಡವರು ಶೇಷಾದ್ರಿವಾಸು ಚಂದ್ರಶೇಖರನ್. ಅವರು 1998ರಲ್ಲಿ ಬರಹ ತಂತ್ರಾಂಶವನ್ನು ಉಚಿತವಾಗಿ ಹೊರತಂದರು. ಕನ್ನಡ ಕೀಲಿಮಣೆ ಕಲಿಯದವನೂ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಬಹುದು ಎಂಬುದೇ ಅದರ ದೊಡ್ಡ ಆಕರ್ಷಣೆ. ದೂರದೇಶದ ಕನ್ನಡಿಗರಿಗೆ ಬೇಕಾಗಿದ್ದುದೂ ಅದೇ. ಮುಂದೆ ಅದು ಹಣಕ್ಕೆ ದೊರೆಯುವ ತಂತ್ರಾಂಶವಾಯಿತು. ಸರ್ಕಾರಿ ಕಚೇರಿಗಳ ಅಗತ್ಯ ಬೇರೆ. ಎಲ್ಲ ಕಡೆ ಒಂದೇ ಕೀಲಿಮಣೆ, ಒಂದೇ ವ್ಯವಸ್ಥೆ ಇರಬೇಕೆಂಬುದು ಅವರ ಬೇಡಿಕೆ. ಅದಕ್ಕಾಗಿ ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿತು, ನಾಡೋಜ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಅದಕ್ಕೆ ಅಡಿಪಾಯ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಕನ್ನಡ ಅಕ್ಷರವು ಗಣಕಯಂತ್ರದ ಜೊತೆಗೇ ಬಂದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯೂನಿಕೋಡ್ ಬಂದ ಮೇಲೆ ಹಳೆಯ ಅಕ್ಷರಗಳು ಮೂಲೆಗೆ ಸೇರಬೇಕಾಗಿತ್ತು. ಸೇರಲಿಲ್ಲ. ಫೋಟೋಶಾಪ್‌ನಂತಹ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಒಡೆದುಹೋಗುತ್ತಿತ್ತು. ಒತ್ತಕ್ಷರ ಪಕ್ಕಕ್ಕೆ ಬಂದು ಕೂಡುತ್ತಿತ್ತು. ಸಂಜೆಯೊಳಗೆ ಬ್ಯಾನರ್ ಕೊಡಬೇಕಾದವನಿಗೆ ಸಿದ್ಧಾಂತಕ್ಕಿಂತ ಕೆಲಸ ಮುಖ್ಯ. ಅವನು ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳನ್ನೇ ಹಿಡಿದುಕೊಂಡ. ಜಾಣ ಮಾರಾಟಗಾರರು ಇಬ್ಬರನ್ನೂ ಬಿಡಲಿಲ್ಲ. ಹಳೆಯ ವ್ಯವಸ್ಥೆಯ ಅಕ್ಷರವನ್ನೂ ಯೂನಿಕೋಡನ್ನೂ ಕೊಟ್ಟರು, ಒಂದರಿಂದ ಇನ್ನೊಂದಕ್ಕೆ ಬದಲಿಸುವ ಪರಿವರ್ತಕವನ್ನೂ ಕೊಟ್ಟರು. ಹೊಸದು ಒಳ್ಳೆಯದೆಂದು ಗೊತ್ತಿದ್ದರೂ ಗಿರಾಕಿಯ ಮೇಜಿನ ಮೇಲೆ ಇರುವುದು ಯಾವುದೆಂದು ನೋಡಿ ದಾರಿ ಮಾಡಿಕೊಡುವುದೇ ಹೊಂದಾಣಿಕೆ.

ಈಗ ಉಚಿತ ಅಕ್ಷರಗಳ ಕಾಲ. ಮುಂಬಯಿಯ ಏಕ್ ಟೈಪ್ ಸಂಸ್ಥೆಯವರು ಬಲೂ ಎಂಬ ದುಂಡನೆಯ ದಪ್ಪಕ್ಷರವನ್ನು ಭಾರತದ ಅನೇಕ ಲಿಪಿಗಳಿಗೆ ಮಾಡಿದರು. ಅದರ ಕನ್ನಡ ರೂಪದ ಹೆಸರು ಬಲೂ ತಮ್ಮ. ಅರಬ್ಬೀ-ಉರ್ದು ರೂಪದ ಹೆಸರು ಬಲೂ ಭಾಯಿಜಾನ್. ತಮ್ಮನೂ ಭಾಯಿಜಾನನೂ ಒಂದೇ ಮನೆಯವರು. ಒಂದೇ ಫಲಕದಲ್ಲಿ ಎರಡು ಮೂರು ಲಿಪಿ ಬರೆಯಬೇಕಾದ ನಮ್ಮ ದೇಶದ ಅಂಗಡಿಕಾರರ ಅಗತ್ಯಕ್ಕೆ ಇದು ಒದಗುತ್ತದೆ. ಬ್ರಷ್ಷಿನಿಂದ ಬರೆದಂತೆ ಕಾಣುವ ಅಕಾಯ ಕನಡಕ ಎಂಬ ಅಕ್ಷರವನ್ನು ವೈಷ್ಣವಿ ಮೂರ್ತಿ ಮತ್ತು ಸ್ಪೇನಿನ ಹುವಾನ್ ಲೂಯಿಸ್ ಬ್ಲಾಂಕೊ ಮಾಡಿಕೊಟ್ಟಿದ್ದಾರೆ. ಇಂತಹ ಮುಕ್ತ ಪರವಾನಗಿಯ ಅಕ್ಷರವನ್ನು ನಾವು ಪತ್ರಿಕೆಗೂ ಬ್ಯಾನರಿಗೂ ಬಳಸಿ ಹಣ ಗಳಿಸಬಹುದು. ಅಕ್ಷರವನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಹಾಗಾದರೆ ಎಲ್ಲವೂ ಸಿಗುತ್ತದಲ್ಲ, ನಮಗೇನು ಕೆಲಸ ಉಳಿದಿದೆ ಎಂದು ಕೇಳಬಹುದು. ನಮ್ಮ ಕಡೆಯ ಅಂಗಡಿಯ ಕಟ್ಟೆಯ ಮುಂದೆ ನಿಂತು ಗಿರಾಕಿ ಹೇಳುವ ಮಾತು ಕೇಳಿರಿ, ಕೆಲಸ ತಾನಾಗಿ ಕಾಣುತ್ತದೆ.

ಮೊದಲನೆಯ ಮಾತು: “ಅಕ್ಷರ ದೊಡ್ಡವು ಇರ್ಲಿ ಅಣ್ಣಾ, ಗಾಡಿ ಮ್ಯಾಲ ಹೊಂಟವ್ರಿಗೂ ಓದಾಕ ಬರ್ಬೇಕು.” ಹೊರಗಿನಿಂದ ತಂದ ಸಿದ್ಧ ವಿನ್ಯಾಸದಲ್ಲಿ ಸಾಲಿನಿಂದ ಸಾಲಿಗೆ ಇಂಗ್ಲಿಷ್ ಅಕ್ಷರಕ್ಕೆ ಸಾಲುವಷ್ಟೇ ಜಾಗ ಇರುತ್ತದೆ. ಕನ್ನಡದ ‘ಸ್ತ್ರೀ’ ಬರೆದರೆ ಒತ್ತುಗಳು ಕೆಳಗಿನ ಸಾಲಿನ ತಲೆಗೆ ಬಡಿಯುತ್ತವೆ. ನಸ್ತಾಲೀಖ್‌ಗೆ ಇನ್ನೂ ಹೆಚ್ಚು ಎತ್ತರ ಬೇಕು. ಅಕ್ಷರ ಸಣ್ಣದು ಮಾಡಿದರೆ ಓದಲಾಗದು, ದೊಡ್ಡದು ಮಾಡಿದರೆ ತಾಗುತ್ತದೆ. ಕನ್ನಡ, ಉರ್ದು ಎರಡಕ್ಕೂ ಸಾಲುವ ಜಾಗ ಬಿಟ್ಟು ಮಾಡಿದ ವಿನ್ಯಾಸವನ್ನು ಎರಡೂ ಓದಬಲ್ಲವನೇ ಮಾಡಬೇಕು.

ಎರಡನೆಯ ಮಾತು: “ಒಂದ ಪತ್ರಿಕಾದಾಗ ಉರ್ದುನೂ ಬರ್ಲಿ, ಕನ್ನಡಾನೂ ಬರ್ಲಿ. ನಮ್ಮ ಬೀಗ್ರು ಉರ್ದು ಓದ್ತಾರ, ಊರ ಮಂದಿ ಕನ್ನಡ ಓದ್ತಾರ.” ಉರ್ದು ಬಲದಿಂದ ಆರಂಭ, ಕನ್ನಡ ಎಡದಿಂದ. ಮಡಚುವ ಪತ್ರಿಕೆಯಾದರೆ ಎರಡು ಮುಖಪುಟ ಬೇಕು. ಒಂದು ಭಾಷೆಯ ವಿನ್ಯಾಸಕ್ಕೆ ಇನ್ನೊಂದು ಭಾಷೆಯನ್ನು ತುರುಕಿದರೆ ನೋಡುವವರಿಗೆ ಹಿತವಾಗುವುದಿಲ್ಲ.

ಮೂರನೆಯದು ಹೆಸರಿನ ಮಾತು. “ನಮ್ಮ ಹುಡುಗಿ ಹೆಸ್ರು ಸರಿಯಾಗಿ ಬರೀರಿ.” ಇದಕ್ಕಿಂತ ನ್ಯಾಯವಾದ ಬೇಡಿಕೆ ಯಾವುದಿದೆ? ಆದರೆ ಗಣಕಯಂತ್ರದಲ್ಲಿ ನೇರವಾಗಿ ಬೆರಳಚ್ಚಿಸಿದರೆ ‘ನೂರ್‌ಜಹಾನ್’ ಎಂಬುದು ಅರ್ಕಾವೊತ್ತು ಕೂಡಿ ‘ನೂರ್ಜಹಾನ್’ ಆಗುತ್ತದೆ. ನಡುವೆ ಕೂಡದಂತೆ ತಡೆಯುವ ಗುರುತನ್ನು ಒತ್ತಲು ಗೊತ್ತಿದ್ದವನು ಮಾತ್ರ ಬಿಡಿಸಿ ಬರೆಯಬಲ್ಲ. ‘ಜ಼ಹೀರ್’ ಎಂಬ ಹೆಸರಿನ ಜಕಾರಕ್ಕೆ ಕೆಳಗೆ ಎರಡು ಚುಕ್ಕೆ ಬೇಕು. ಯೂನಿಕೋಡ್ ಕನ್ನಡದಲ್ಲಿ ಈ ನುಕ್ತೆಗೆ ಸ್ಥಾನವಿದೆ, ಆದರೆ ಕೆಲವು ಅಕ್ಷರಗುಚ್ಛಗಳಲ್ಲಿ ಅದು ಸರಿಯಾಗಿ ಕೂಡುವುದಿಲ್ಲ. ದೂರದ ನಗರದಲ್ಲಿ ಕುಳಿತು ಅಕ್ಷರ ಮಾಡುವವನಿಗೆ ಈ ತೊಂದರೆ ಕಾಣಿಸದಿರಬಹುದು. ಅದನ್ನು ದಿನವೂ ಕಾಣುವವರು ನಾವು. ಕಂಡದ್ದನ್ನು ಬರೆದು ತಿಳಿಸಿದರೂ ಅದು ಉಪಕಾರವೇ, ತಿದ್ದಿ ಮಾಡಿದರೆ ಅದು ಉದ್ಯೋಗವೇ.

ಬೇಡಿಕೆಯ ಆಕಾರವೂ ಬದಲಾಗುತ್ತಿದೆ. ರಾಜ್ಯ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನು ನಿಷೇಧಿಸಿ ಆದೇಶ ಹೊರಡಿಸಿತು. ಇತ್ತ ವಾಟ್ಸಾಪ್ ಎಲ್ಲರ ಕೈಗೆ ಬಂದಿತು. ಅಡ್ಡಗಲದ ಬ್ಯಾನರ್ ಕೇಳುತ್ತಿದ್ದವರು ಈಗ ಮೊಬೈಲಿನ ಉದ್ದನೆಯ ಪರದೆಗೆ ಹೊಂದುವ ಪತ್ರಿಕೆ ಕೇಳುತ್ತಾರೆ; ಅದರಲ್ಲಿ ಹೆಸರು, ಸ್ಥಳ, ವೇಳೆ ಒಂದೇ ನೋಟಕ್ಕೆ ಕಾಣಬೇಕು. ಗಿರಾಕಿ ಅದನ್ನು ಕಲೆಯ ಭಾಷೆಯಲ್ಲಿ ಹೇಳುವುದಿಲ್ಲ. “ಚೊಲೊ ಕಾಣ್ಲಿ” ಎಂದಷ್ಟೇ ಹೇಳುತ್ತಾನೆ. ಆ ಎರಡು ಪದಗಳ ಹಿಂದೆ ಇರುವ ಅಗತ್ಯವನ್ನು ಬಿಡಿಸಿಕೊಳ್ಳುವುದೇ ಮಾರುವವನ ವಿದ್ಯೆ.

ಬಂಧುಗಳೇ, ಬೇಡಿಕೆಗೆ ಹೊಂದಿಕೊಳ್ಳುವುದಕ್ಕೆ ಒಂದು ಮೇರೆಯೂ ಇದೆ. ಗಿರಾಕಿ ಅಗ್ಗಕ್ಕೆ ಬೇಕೆನ್ನುತ್ತಾನೆಂದು ಪರರು ಮಾಡಿದ ಅಕ್ಷರವನ್ನು ಬೀಗ ಮುರಿದು ಬಳಸುವುದು ವ್ಯಾಪಾರವಲ್ಲ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆ ತಂತ್ರಾಂಶ, ಚಿತ್ರಗಳಿಗೂ ಅನ್ವಯಿಸುತ್ತದೆ. ಕಾಯಿದೆಯ ಮಾತು ಹಾಗಿರಲಿ, ನಾಳೆ ನಮ್ಮ ಹುಡುಗನೇ ಒಂದು ಅಕ್ಷರ ಮಾಡಿದಾಗ ಅದನ್ನು ಊರೆಲ್ಲ ಪುಕ್ಕಟೆ ನಕಲು ಮಾಡಿದರೆ ಅವನ ಗತಿಯೇನು ಎಂದು ಯೋಚಿಸಿದರೆ ಸಾಕು.

ಇನ್ನೊಂದು ಪ್ರಶ್ನೆ ಈಗ ಎದುರಿಗೆ ಬಂದಿದೆ. ಬರೆದು ಕೇಳಿದರೆ ಚಿತ್ರ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಚಿತ್ರ ಮಾರುವ ದೊಡ್ಡ ಸಂಸ್ಥೆಗಳೇ ಇದಕ್ಕೆ ಒಂದೇ ರೀತಿ ಉತ್ತರ ಕೊಡಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಗೆಟ್ಟಿ ಸಂಸ್ಥೆ ಅಂತಹ ಚಿತ್ರ ಬೇಡವೆಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಡೋಬಿ ಸ್ಟಾಕ್, ಯಂತ್ರ ಮಾಡಿದ್ದೆಂದು ಸ್ಪಷ್ಟವಾಗಿ ಗುರುತು ಹಾಕಿದರೆ ಸ್ವೀಕರಿಸುವೆವೆಂದಿತು. ಒಬ್ಬರು ಗಿರಾಕಿಯ ಕಾನೂನಿನ ಭಯವನ್ನು ನೋಡಿದರು, ಇನ್ನೊಬ್ಬರು ಅವನ ಅವಸರವನ್ನು ನೋಡಿದರು. ಸಾಧಾರಣ ಹೂಬಳ್ಳಿ, ಸಾಧಾರಣ ಹಿನ್ನೆಲೆ ಮಾರಿ ಬದುಕುವವರಿಗೆ ಇದರಿಂದ ಪೆಟ್ಟು ಬೀಳುವುದು ಸಹಜ. ಆದರೆ ಯಂತ್ರ ಬರೆದ ಕನ್ನಡ ಒತ್ತಕ್ಷರವನ್ನೋ ನಸ್ತಾಲೀಖ್ ಜೋಡಣೆಯನ್ನೋ ಪರೀಕ್ಷಿಸಿ ಇದು ಸರಿ, ಇದು ತಪ್ಪು ಎಂದು ಹೇಳಲು ಓದು ಬರುವ ಮನುಷ್ಯನೇ ಬೇಕು. ಲಗ್ನಪತ್ರಿಕೆಯಲ್ಲಿ ತಪ್ಪಾದ ಹೆಸರನ್ನು ಯಾವ ಅಂದವೂ ಮುಚ್ಚಲಾರದು.

ಕೊನೆಯದಾಗಿ ನಮ್ಮ ಪೇಂಟರ್ ಬಂಧುಗಳ ವಿಷಯ. ಫ್ಲೆಕ್ಸ್ ಬಂದು ಅಂಗಡಿಯ ಫಲಕ, ಲಾರಿಯ ಹಲಗೆ ಬರೆಯುವವರ ಕೈಯ ಕೆಲಸ ಕಿತ್ತುಕೊಂಡಿತು. ಗುಜರಾತಿನಲ್ಲಿ ಹುಟ್ಟಿ ದೆಹಲಿಯಲ್ಲಿ ಕೆಲಸ ಮಾಡಿದ ಹನೀಫ್ ಖುರೇಷಿ ಎಂಬ ಕಲಾವಿದರು ಅಂತಹ ಪೇಂಟರುಗಳನ್ನು ಹುಡುಕಿ, ಅವರ ಅಕ್ಷರಗಳನ್ನು ಗಣಕಯಂತ್ರದ ಅಕ್ಷರಗಳಾಗಿ ಮಾಡಿ, ಅವರವರ ಹೆಸರಿನಲ್ಲೇ ಮಾರಿ, ಹಣದಲ್ಲಿ ಅವರಿಗೂ ಪಾಲು ಕೊಡುವ ಯೋಜನೆ ನಡೆಸಿದರು. ಪೇಂಟರ್ ಕಫೀಲ್ ಎಂಬ ಅಕ್ಷರ ಹೀಗೆ ಹೊರದೇಶಕ್ಕೂ ಹೋಯಿತು. ಖುರೇಷಿ ಅವರು 2024ರಲ್ಲಿ ತೀರಿಕೊಂಡರು, ಆದರೆ ಅವರು ತೋರಿಸಿದ ದಾರಿ ಇದೆ. ಪೇಂಟರನ ಕೈ ಹಳೆಯದಾಯಿತೆಂದು ಎಲ್ಲರೂ ತಿಳಿದಾಗ, ಆ ಕೈಬರಹವನ್ನೇ ಬೇಡುವ ಗಿರಾಕಿಗಳು ಬೇರೆಡೆ ಇದ್ದಾರೆಂದು ಅವರು ಕಂಡುಕೊಂಡರು.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ವಿನಂತಿ ಮೂರು. ಒಂದು, ಎರಡೂ ಲಿಪಿಗಳಲ್ಲಿ ಕೈಬರಹ ಚೆನ್ನಾಗಿರುವ ವಿದ್ಯಾರ್ಥಿಗಳನ್ನು ಆರಿಸಿ, ರಜೆಯ ದಿನಗಳಲ್ಲಿ ಅವರಿಗೆ ಅಕ್ಷರ ವಿನ್ಯಾಸದ ತರಬೇತಿ ಕೊಡಿಸಬೇಕು. ಇದಕ್ಕೆ ಬೇಕಾದ ಫಾಂಟ್‌ಫೋರ್ಜ್, ಇಂಕ್‌ಸ್ಕೇಪ್ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಎರಡು, ನಮ್ಮ ತಾಲೂಕಿನ ಹಿರಿಯ ಪೇಂಟರುಗಳಿಂದ ಕಾಗುಣಿತವನ್ನು ದೊಡ್ಡ ಹಾಳೆಯ ಮೇಲೆ ಬರೆಯಿಸಿ, ಹೆಸರು ಹಾಕಿ, ಜೋಪಾನ ಮಾಡಬೇಕು. ಮೂರು, ಡಿಟಿಪಿ ಅಂಗಡಿ ನಡೆಸುವ ನಮ್ಮ ಯುವಕರು ಗಿರಾಕಿಗಳು ಕೇಳಿದ್ದು, ತಮ್ಮಲ್ಲಿ ಸಿಗದೇ ಹೋದದ್ದು ಏನೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ಒಂದು ವರ್ಷದ ನಂತರ ಆ ನೋಟುಬುಕ್ಕನ್ನು ತೆರೆದರೆ ಯಾವ ಸಾಮಗ್ರಿ ಮಾಡಿದರೆ ಮಾರಾಟವಾದೀತು ಎಂಬುದು ಅದರಲ್ಲೇ ಇರುತ್ತದೆ.

ವಿದ್ಯಾರ್ಥಿಗಳೇ, ಎರಡು ಲಿಪಿ ಕಲಿಯುವುದು ಹೊರೆ ಎಂದು ನೀವು ಕೆಲವೊಮ್ಮೆ ಗೊಣಗುವುದುಂಟು. ಇಂದಿನಿಂದ ಅದನ್ನು ನಿಮ್ಮ ಬಂಡವಾಳವೆಂದು ತಿಳಿಯಿರಿ. ಸಿದ್ಧ ವಿನ್ಯಾಸ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ನಮ್ಮ ಜನರ ಹೆಸರು ನಮ್ಮ ಅಕ್ಷರದಲ್ಲಿ ತಪ್ಪಿಲ್ಲದೆ, ತಾಗದೆ, ಒಡೆಯದೆ ಕೂಡುವಂತೆ ಮಾಡಬಲ್ಲವರು ಕಡಿಮೆ. ಆ ಕಡಿಮೆ ಜನರಲ್ಲಿ ಉಗರಗೋಳದ ಹುಡುಗ ಹುಡುಗಿಯರೂ ಇರಲಿ ಎಂದು ಹಾರೈಸುತ್ತೇನೆ.